ರೂಟ್ ಕೆನಾಲ್ ಆದ ಮೇಲೆ ಊಟ, ನಿದ್ದೆ, ಮಾತು ಹೇಗಿರುತ್ತದೆ? ಮಾಡಿಸಿಕೊಂಡವರು ಹೇಳಿ

ಮುಳ್ಳೇರಿಯದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 68 ಪ್ರಾಯ. ಶುಗರ್ ಉಂಟು, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಲಬದಿ ಕೆಳಗಿನ ದವಡೆ ಹಲ್ಲು ಹುಳುಕಾಗಿ ಸುಮಾರು ದಿನ ಆಯ್ತು. ಈಗ ಬಿಸಿ ಚಹಾ ತಾಗಿದರೆ ಸಾಕು, ನೋವು ಶುರುವಾಗಿ ಅರ್ಧ ಗಂಟೆ ನಿಲ್ಲುವುದಿಲ್ಲ. ಮಲಗಿದರೆ ಇನ್ನೂ ಜಾಸ್ತಿ. ರಾತ್ರಿ ಎದ್ದು ಕೂತು ಲವಂಗ ಕಚ್ಚಿಕೊಂಡಿರುತ್ತಾರೆ. ಡಾಕ್ಟರು ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಮಾಡಿದರೆ, ಅಂದರೆ ಹಲ್ಲಿನ ಒಳಗಿನ ನರ ತೆಗೆದು ತುಂಬಿಸಿದರೆ, ಹಲ್ಲು ಉಳಿಯುತ್ತದೆ ಅಂದರು. ಮನೆಯಲ್ಲಿ ಮಾವ ಮಾತ್ರ, "ಈ ಪ್ರಾಯದಲ್ಲಿ ಎಂತಕ್ಕೆ ಅದೆಲ್ಲ, ಕೀಳಿಸಿ ಬಿಡಿ" ಅನ್ನುತ್ತಾರೆ.

ಮಾಡುವಾಗ ನೋಯುತ್ತದಾ ಅಂತ ನಾನು ಕೇಳುತ್ತಿಲ್ಲ. ಅದಕ್ಕೆ ವಿಡಿಯೋ ಬೇಕಾದಷ್ಟಿದೆ. ಆಮೇಲೆ ಎಂತ? ಊಟ ಸರಿಯಾಗುತ್ತದಾ? ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಕೂತು ತಿನ್ನಬಹುದಾ? ಹಾಕಿದ ದುಡ್ಡಿಗೆ ಸಾರ್ಥಕವಾ?

ಕುಂಬಳೆ ಪ್ಯಾಸೆಂಜರ್

ಅಕ್ಕ, ನಾನು ಮಾಡಿಸಿಕೊಂಡು ವರ್ಷಗಳಾದವು. ದಿನಾ ರೈಲಲ್ಲಿ ಮಂಗಳೂರಿಗೆ ಹೋಗಿ ಬರುವವನು ನಾನು. ಹಲ್ಲುನೋವು ಇದ್ದಾಗ ನಿಂತಲ್ಲೇ ತೂಕಡಿಸುತ್ತಿದ್ದೆ. ಉಳ್ಳಾಲ ದಾಟಿದ್ದೇ ಗೊತ್ತಾಗುತ್ತಿರಲಿಲ್ಲ. ಆಫೀಸಿನಲ್ಲಿ ಸಣ್ಣ ಸಣ್ಣದಕ್ಕೂ ಸಿಡಿಮಿಡಿ. ಒಂದೇ ಬದಿಯಲ್ಲಿ ಅಗಿದು ಅಗಿದು ಕಿವಿಯ ಹತ್ತಿರದ ಕೀಲು ಬೇರೆ ನೋಯಲು ಶುರುವಾಗಿತ್ತು.

ಮಳೆಗಾಲಕ್ಕೆ ಅಂತ ಮನೆಯಲ್ಲಿ ಸಾಂತಾಣಿ ಮಾಡಿಟ್ಟಿದ್ದರು. ಹಲಸಿನ ಬೀಜವನ್ನು ಉಪ್ಪಲ್ಲಿ ಬೇಯಿಸಿ ಒಣಗಿಸಿದ್ದು ಎಷ್ಟು ಗಟ್ಟಿ ಅಂತ ನಿಮಗೆ ಹೇಳಬೇಕಾ? ಎಲ್ಲರೂ ಕಟಕಟ ಅಗಿಯುವಾಗ ನಾನು ಬಾಯಲ್ಲಿಟ್ಟು ಚೀಪುತ್ತ ಕೂರಬೇಕಿತ್ತು.

ಮಾಡಿಸಿದ ದಿನ ಮರಗಟ್ಟಿದ್ದು ಬಿಟ್ಟ ಮೇಲೆ ಜಜ್ಜಿದಂಥ ನೋವು ಇತ್ತು, ನಿಜ. ಆದರೆ ಅದು ಬೇರೆಯೇ. ಮೊದಲಿನದ್ದು ಕಿವಿಗೆ, ತಲೆಗೆ ಹತ್ತುವ ನೋವು. ಇದು ಕಚ್ಚಿದರೆ ಮಾತ್ರ. ಕೆಲವು ದಿನದಲ್ಲಿ ಅದೂ ಹೋಯ್ತು. ನಿದ್ದೆ ಅವತ್ತು ರಾತ್ರಿಯೇ ಬಂತು. ಈಗ ಸಾಂತಾಣಿ ಅದೇ ಬದಿಯಲ್ಲಿ ಅಗಿಯುತ್ತೇನೆ. ನಮ್ಮ ಡಾಕ್ಟರಿಗೆ ಹೇಳಬೇಡಿ ಆಯ್ತಾ.

ಪೆರ್ಲದ ತೋಟದವ

ಎಲ್ಲ ಸರಿ ಮಾರಾಯ್ರೆ. ಸತ್ತ ಹಲ್ಲನ್ನು ಬಾಯಲ್ಲಿ ಇಟ್ಟುಕೊಂಡರೆ ಮೈಗೆಲ್ಲ ವಿಷ ಹರಡುತ್ತದೆ, ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ವಾ? ಅಮೆರಿಕದ ದೊಡ್ಡ ಡಾಕ್ಟರೇ ಹೇಳಿದ್ದಂತೆ. ನಮ್ಮ ಅಜ್ಜ ಅಲ್ಲಾಡುವ ಹಲ್ಲಿಗೆ ನೂಲು ಕಟ್ಟಿ ಎಳೆಯುತ್ತಿದ್ದರು. ಏನೂ ಆಗಲಿಲ್ಲ.

ಹಲ್ಲು ಡಾಕ್ಟ್ರಮ್ಮ

ಗಡಿನಾಡಿನಲ್ಲೇ ಕ್ಲಿನಿಕ್ ಇಟ್ಟುಕೊಂಡಿರುವ ದಂತವೈದ್ಯೆ ನಾನು. ಹೆಸರು, ಊರು ಬೇಡ. ಪ್ರಚಾರ ಅಂದುಕೊಳ್ಳುತ್ತೀರಿ.

ತೋಟದಣ್ಣ, ಆ ಫಾರ್ವರ್ಡ್‌ಗೆ ನೂರು ವರ್ಷ ಪ್ರಾಯ. ವೆಸ್ಟನ್ ಪ್ರೈಸ್ ಅಂತ ಅಮೆರಿಕದ ದಂತವೈದ್ಯ ಒಬ್ಬರಿದ್ದರು. 20ನೇ ಶತಮಾನದ ಶುರುವಿನಲ್ಲಿ, ರೂಟ್ ಕೆನಾಲ್ ಆದ ಹಲ್ಲುಗಳನ್ನು ಕಿತ್ತು ಮೊಲಗಳ ಚರ್ಮದ ಕೆಳಗೆ ಇಟ್ಟರು. ಮೊಲಗಳಿಗೆ ಕಾಯಿಲೆ ಬಂತು, ಹಲ್ಲೇ ಕಾರಣ ಅಂದರು. ಶುಚಿತ್ವವೂ ನೆಟ್ಟಗಿರಲಿಲ್ಲ, ಹೋಲಿಸಿ ನೋಡುವ ಕ್ರಮವೂ ಇರಲಿಲ್ಲ. ಬೇರೆಯವರು ಸರಿಯಾಗಿ ಮಾಡಿ ನೋಡಿದಾಗ ಆ ಮಾತು ನಿಲ್ಲಲಿಲ್ಲ. ಅಷ್ಟರಲ್ಲಿ ಅದನ್ನು ನಂಬಿ ಎಷ್ಟೋ ಜನರ ಒಳ್ಳೆಯ ಹಲ್ಲುಗಳನ್ನು ಸುಮ್ನೆ ಕಿತ್ತಾಗಿತ್ತು. ಅಜ್ಜನ ಹಲ್ಲು ಅಲ್ಲಾಡಿದ್ದು ವಸಡಿನ ತೊಂದರೆಯಿಂದ. ಅದು ಬೇರೆ ಕತೆ.

ಇನ್ನು "ಸತ್ತ ಹಲ್ಲು". ತೆಗೆಯುವುದು ಹಲ್ಲಿನ ಒಳಗಿನ ನರ, ರಕ್ತನಾಳ ಇರುವ ಮೆತ್ತಗಿನ ಭಾಗವನ್ನು ಮಾತ್ರ. ಬೇರಿನ ಸುತ್ತ ಎಲುಬಿಗೆ ಹಿಡಿದಿರುವ ನಾರು ಜೀವಂತವಾಗಿಯೇ ಇರುತ್ತದೆ. ಹಾಗಾಗಿ ಬಿಸಿ, ತಂಪು ಆ ಹಲ್ಲಿಗೆ ಗೊತ್ತಾಗುವುದಿಲ್ಲ. ಆದರೆ ಗಂಜಿಯಲ್ಲಿ ಕಲ್ಲು ಸಿಕ್ಕಿದರೆ ತಕ್ಷಣ ಗೊತ್ತಾಗುತ್ತದೆ. ಕಟ್ಟಿಸಿದ ಪೂರ್ತಿ ಸೆಟ್ ಹಲ್ಲಿನಲ್ಲಿ ಈ ಸೂಕ್ಷ್ಮ ಇರುವುದಿಲ್ಲ. ಅಗಿಯುವ ಬಲವೂ ತುಂಬ ಕಮ್ಮಿ. ಊಟದ ಸುಖದ ಬಗ್ಗೆ ಕೇಳಿದಿರಲ್ಲ ಅಕ್ಕ, ಅದರ ಮುಕ್ಕಾಲು ಪಾಲು ಇಲ್ಲಿದೆ.

ಒಳಗೆ ಏನು ಮಾಡುತ್ತೇವೆ ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಮರಗಟ್ಟುವ ಇಂಜೆಕ್ಷನ್ ಆದ ಮೇಲೆ ಹಲ್ಲಿಗೆ ತೆಳು ರಬ್ಬರ್ ಹಾಳೆ ಸಿಕ್ಕಿಸುತ್ತೇವೆ. ಸಲಕರಣೆ, ಮದ್ದು ಗಂಟಲಿಗೆ ಜಾರಬಾರದು ಅಂತ. ಮೇಲಿನಿಂದ ಸಣ್ಣ ತೂತು. ಅದರೊಳಗೆ ಕೂದಲಿನಷ್ಟು ಸಪೂರ ತುದಿಯ, ಅರದಂಥ ಸೂಜಿಗಳು, ಫೈಲು ಅನ್ನುತ್ತೇವೆ. ಹಿಡಿಗಳಿಗೆ ಬಣ್ಣ ಇರುತ್ತದೆ: ಬಿಳಿ, ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು. ಅದು ಚಂದಕ್ಕಲ್ಲ, ದಪ್ಪದ ಅಳತೆ. ಫೈಲಿಗೆ ತಂತಿ ತಾಗಿಸಿದರೆ ಬೇರಿನ ತುದಿ ಎಷ್ಟು ದೂರ ಅಂತ ಒಂದು ಯಂತ್ರ ತೋರಿಸುತ್ತದೆ. ತುದಿ ಹತ್ತಿರವಾದಂತೆ ಬೀಪ್ ಬೀಪ್ ಜೋರಾಗುತ್ತದೆ. ತುಂಬ ಜನ ಈ ಸದ್ದಿಗೇ ಹೆದರುವುದು. ನಡುನಡುವೆ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ತೊಳೆಯುತ್ತೇವೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಬರುವ ವಾಸನೆಯೇ ಅದು. ಕೆಳಗಿನ ದೊಡ್ಡ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರೋ ನಾಲ್ಕೋ ನಾಳ. ಎಲ್ಲವನ್ನೂ ಹುಡುಕಿ ತೊಳೆದು, ಒಣಗಿಸಿ, ಗಟ್ಟಾ ಪರ್ಚಾ ತುಂಬುತ್ತೇವೆ. ಅದೂ ಒಂದು ಮರದ ಹಾಲೇ. ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ ಇದನ್ನು ಹೇಳಿದರೆ ಖುಷಿಯಾಗುತ್ತದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಅತ್ತೆಯವರ ಹಾಗೆ ಕೆರಳಿ ನಿಂತ ಕೆಳದವಡೆಯ ಹಲ್ಲನ್ನು ಮರಗಟ್ಟಿಸುವುದು ಕೆಲವೊಮ್ಮೆ ಕಷ್ಟ. ಒಂದು ಇಂಜೆಕ್ಷನ್ ಸಾಕಾಗದೆ ಇನ್ನೊಂದು ಕೊಡಬೇಕಾಗುತ್ತದೆ. ನೋವು ಗೊತ್ತಾದರೆ ಕೈ ಎತ್ತಿ ಹೇಳಿ. ಸಹಿಸಿಕೊಂಡು ಕೂರುವ ಅಗತ್ಯ ಇಲ್ಲ.

ಅಂಕಿಸಂಖ್ಯೆ ತಂಗಿ

ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ಊರು ಮಂಜೇಶ್ವರ. ಅಕ್ಕ ಕೇಳಿದ ಪ್ರಶ್ನೆಯನ್ನು ಅಳೆಯಲು ಒಂದು ಪ್ರಶ್ನಾವಳಿಯೇ ಇದೆ. ಹೆಸರು ಒಎಚ್‌ಐಪಿ-14 (ಓರಲ್ ಹೆಲ್ತ್ ಇಂಪ್ಯಾಕ್ಟ್ ಪ್ರೊಫೈಲ್). ಗ್ಯಾರಿ ಸ್ಲೇಡ್ 1997ರಲ್ಲಿ ಪ್ರಕಟಿಸಿದ್ದು. ಅದಕ್ಕೂ ಮೊದಲು 49 ಪ್ರಶ್ನೆಗಳ ಉದ್ದ ಆವೃತ್ತಿ ಇತ್ತು, ಅದನ್ನು ಇಳಿಸಿ 14 ಮಾಡಿದರು. ಹಲ್ಲಿನಿಂದಾಗಿ ಮಾತಾಡಲು ತೊಂದರೆ ಆಯ್ತಾ, ರುಚಿ ಕೆಟ್ಟಿತಾ, ತಿನ್ನಲು ಕಷ್ಟವಾ, ಊಟ ಅರ್ಧಕ್ಕೇ ನಿಲ್ಲಿಸಬೇಕಾಯ್ತಾ, ನಾಚಿಕೆ ಆಯ್ತಾ, ಬೇರೆಯವರ ಮೇಲೆ ರೇಗಿದಿರಾ, ದಿನದ ಕೆಲಸಕ್ಕೆ ಅಡ್ಡಿಯಾಯ್ತಾ, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ. ಒಟ್ಟು 56. ಅಂಕ ಹೆಚ್ಚಾದಷ್ಟೂ ಬದುಕು ಕಷ್ಟ. ಕುಂಬಳೆ ಅಣ್ಣ ಬರೆದದ್ದನ್ನು ಓದಿದರೆ ಅರ್ಧ ಪ್ರಶ್ನಾವಳಿ ತುಂಬಿದ ಹಾಗಾಯ್ತು!

ಗಮನಿಸಿ, ಹಲ್ಲು ಎಷ್ಟು ವರ್ಷ ಉಳಿಯಿತು ಅಂತ ಅದರಲ್ಲಿ ಒಂದು ಪ್ರಶ್ನೆಯೂ ಇಲ್ಲ. ಡಾಕ್ಟರು ಎಕ್ಸ್‌ರೇ ನೋಡಿ "ಚೆನ್ನಾಗಿ ಆಗಿದೆ" ಅನ್ನುವುದು ಬೇರೆ, ಮನುಷ್ಯನಿಗೆ ಚೆನ್ನಾಗಿರುವುದು ಬೇರೆ.

ನೋವಿನ ಲೆಕ್ಕ ಬೇಕಿದ್ದರೆ: 2011ರಲ್ಲಿ ಪಾಕ್ ಮತ್ತು ವೈಟ್ ಅನ್ನುವವರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಚಿಕಿತ್ಸೆಗೆ ಮೊದಲು ಸರಾಸರಿ 81 ಶೇಕಡಾ ಜನರಿಗೆ ನೋವು. ಒಂದು ದಿನ ಕಳೆದ ಮೇಲೆ 40 ಶೇಕಡಾ. ಒಂದು ವಾರಕ್ಕೆ 11 ಶೇಕಡಾ. ನೋವಿನ ತೀವ್ರತೆ ನೂರಕ್ಕೆ 54 ಇದ್ದದ್ದು 24ಕ್ಕೆ, ಆಮೇಲೆ 5ಕ್ಕೆ ಇಳಿಯಿತು. ಅಂದರೆ ಜನ ಹೆದರುವುದು ಚಿಕಿತ್ಸೆಗೆ, ನರಳುವುದು ಅದಕ್ಕಿಂತ ಮೊದಲು.

ಬಾಯಾರಿನಿಂದ

ತಂಗಿ, ನಿಮ್ಮ 14 ಪ್ರಶ್ನೆಯಲ್ಲಿ ದುಡ್ಡಿನದ್ದು ಉಂಟಾ? ಬಸ್ಸಿನದ್ದು? ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕ್ಲಿನಿಕ್ಕಿಗೆ ಹೋದ ದಿನದ ಬೀಡಿ ಹೋಯ್ತು. ಜೊತೆಗೆ ಬಂದವರ ಕೂಲಿಯೂ ಹೋಯ್ತು.

ಅಂಕಿಸಂಖ್ಯೆ ತಂಗಿ

ಇಲ್ಲ ಅಣ್ಣ. ಹಾಗೆ ನೇರವಾಗಿ ಕೇಳುವ ಪ್ರಶ್ನೆ ಇಲ್ಲ. ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಅರ್ಥ ಹೇಳುವ ಮಾಷ್ಟ್ರು

ನಾನು ಹವ್ಯಾಸಿ ತಾಳಮದ್ದಳೆ ಅರ್ಥಧಾರಿ, ಅಂದರೆ ವೇಷ ಇಲ್ಲದೆ ಕೂತು ಯಕ್ಷಗಾನದ ಪಾತ್ರವಾಗಿ ಮಾತಾಡುವವನು. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವನು ಅಂತ ಹೆಮ್ಮೆ ಬೇರೆ! ದವಡೆ ಹಲ್ಲಿನ ಬಗ್ಗೆ ನನಗೆ ಗೊತ್ತಿಲ್ಲ. ನನ್ನದು ಮೇಲಿನ ಎದುರು ಹಲ್ಲು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿತ್ತು. ನೋವೇ ಇರಲಿಲ್ಲ. ವರ್ಷ ಕಳೆದಂತೆ ಹಲ್ಲು ಬೂದು ಬಣ್ಣಕ್ಕೆ ತಿರುಗಿತು. ಒಂದು ದಿನ ತುಟಿ ಬಾತು ಬಂತು.

ನೋವಿಗಿಂತ ನನಗೆ ಕಷ್ಟವಾದದ್ದು ಆ ಬಣ್ಣ. ಎದುರು ಮೈಕು, ಎದುರಿಗೆ ಕೂತವರು ಬಾಯಿಯನ್ನೇ ನೋಡುತ್ತಾರೆ. ಕೃಷ್ಣನ ಅರ್ಥಕ್ಕೆ ಮುಗುಳ್ನಗು ಇಲ್ಲದೆ ಆಗುತ್ತದಾ? ನಾನು ತುಟಿ ಮುಚ್ಚಿಯೇ ನಗುತ್ತಿದ್ದೆ. ಯಾರೋ ಬಂದು, "ಮಾಷ್ಟ್ರೇ, ನಿಮ್ಮ ಕೃಷ್ಣ ಯಾಕೋ ಗಂಭೀರ ಆಗಿದ್ದಾನೆ" ಅಂದರು. ಆಮೇಲೆ ಕೃಷ್ಣ ಬಿಟ್ಟು ಭೀಷ್ಮ, ವಿದುರ ಅಂತ ಕೇಳಿ ತಗೊಳ್ಳುತ್ತಿದ್ದೆ.

ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗಿನಿಂದಲೇ ಮದ್ದಿಟ್ಟು ಬಿಳಿ ಮಾಡಿದರು. ಹಲ್ಲಿನ ಮೇಲೆ ಹೊದಿಸುವ ಕ್ಯಾಪ್ ಬೇಕಾಗಲಿಲ್ಲ. ಎದುರು ಹಲ್ಲು ಗಟ್ಟಿ ಉಳಿದಿದ್ದರೆ ಬೇಡವಂತೆ. ಒಂದೇ ಸೂಚನೆ ಕೊಡುತ್ತೇನೆ: ಕೂಟ ಇರುವ ದಿನ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಮೇಲ್ದುಟಿ ಕೆಲವು ಗಂಟೆ ಮರಗಟ್ಟಿ ಇರುತ್ತದೆ. ಆಗ "ವಾಸುದೇವ" ಅಂತ ಹೇಳಿ ನೋಡಿ.

ಬಾಯಾರಿನಿಂದ

ಎಲ್ಲರೂ ಒಳ್ಳೆಯದನ್ನೇ ಬರೆದಿರಿ. ನಮ್ಮ ಅಮ್ಮನದ್ದು ಬರೆಯುತ್ತೇನೆ. ಒಂದು ಕ್ಲಿನಿಕ್‌ನಲ್ಲಿ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ನೋವು ಪೂರ್ತಿ ಹೋಯ್ತು. ಒಂದು ಚೀಟಿ ಕೊಟ್ಟು ಕಳಿಸಿದರು. ಚೀಟಿ ಪೂರ್ತಿ ಮಲಯಾಳದಲ್ಲಿ. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಬಾಯಿಮಾತಲ್ಲಿ ಯಾರೂ ಏನೂ ವಿವರಿಸಲಿಲ್ಲ. ನೋವಿಲ್ಲವಲ್ಲ, ಮುಗಿಯಿತು ಅಂತ ಅಮ್ಮ ಮಡಚಿ ರೇಷನ್ ಕಾರ್ಡಿನ ಒಳಗೆ ಇಟ್ಟರು.

ಮುಂದಿನ ವರ್ಷ ಚಕ್ಕುಲಿ ಕಚ್ಚುವಾಗ ಹಲ್ಲು ಉದ್ದಕ್ಕೆ ಸೀಳಿ ಹೋಯ್ತು. ಉಳಿಸಲು ಬರುವುದಿಲ್ಲ, ಕೀಳಬೇಕು ಅಂದರು. ಪಕ್ಕದ ಮನೆಯ ಹುಡುಗ ಚೀಟಿ ಓದಿ ಹೇಳಿದ: "15 ದಿನದೊಳಗೆ ಕ್ಯಾಪ್ ಹಾಕಿಸಲು ಬರಬೇಕು." ನೋವಿನ ಹಲ್ಲಿಗೆ ದುಡ್ಡು, ಆಮೇಲೆ ಅದೇ ಹಲ್ಲು ಕೀಳಲು ದುಡ್ಡು. ಕಾಸರಗೋಡಿನಲ್ಲಿ ಕನ್ನಡದವರಿಗೆ ಇದು ಹೊಸತಲ್ಲ. ಆದರೆ ಅರ್ಜಿ ಫಾರಂ ಮಲಯಾಳದಲ್ಲಿ ಬರುವುದು ಬೇರೆ, ಔಷಧಿ ಚೀಟಿ ಬೇರೆ ಅಲ್ವಾ?

ಅಂಕಿಸಂಖ್ಯೆ ತಂಗಿ

ಅಣ್ಣ, ನಿಮ್ಮ ಅಮ್ಮನಿಗೆ ಆದದ್ದು ದೊಡ್ಡ ಲೆಕ್ಕದಲ್ಲೂ ಕಾಣುತ್ತದೆ. ಅಮೆರಿಕದಲ್ಲಿ ವಿಮೆ ದಾಖಲೆಗಳಿಂದ 14 ಲಕ್ಷಕ್ಕೂ ಹೆಚ್ಚು ರೂಟ್ ಕೆನಾಲ್ ಹಲ್ಲುಗಳನ್ನು ಹಿಂಬಾಲಿಸಿದ ಒಂದು ಅಧ್ಯಯನ 2004ರಲ್ಲಿ ಬಂತು. ಎಂಟು ವರ್ಷದ ಮೇಲೂ 97 ಶೇಕಡಾ ಹಲ್ಲು ಬಾಯಲ್ಲೇ ಇದ್ದವು. ಕೀಳಬೇಕಾದ ಹಲ್ಲುಗಳನ್ನು ನೋಡಿದರೆ, ಅವುಗಳಲ್ಲಿ 85 ಶೇಕಡಾಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ.

ಹಲ್ಲು ಡಾಕ್ಟ್ರಮ್ಮ

ಬಾಯಾರಿನ ಅಣ್ಣ ಹೇಳಿದ್ದು ಓದಿ ಬೇಜಾರಾಯ್ತು. ನಾನು ದಿನಾ ನೋಡುವುದು ಇದನ್ನೇ. ರೂಟ್ ಕೆನಾಲ್ ಸೋತು ಹಲ್ಲು ಹೋದದ್ದು ಕಮ್ಮಿ. ನೋವು ಹೋದ ಕೂಡಲೇ ಜನ ಬರುವುದು ನಿಲ್ಲಿಸಿ ಹಲ್ಲು ಹೋದದ್ದು ಜಾಸ್ತಿ. ಹುಳುಕು ತಿಂದು, ನಾವೂ ಮೇಲಿನಿಂದ ಕೊರೆದು, ದವಡೆ ಹಲ್ಲಿನಲ್ಲಿ ಉಳಿಯುವುದು ಗೋಡೆ ಮಾತ್ರ. ಕ್ಯಾಪ್ ಅದನ್ನು ಸುತ್ತಲಿಂದ ಹಿಡಿದಿಡುತ್ತದೆ. ಕ್ಯಾಪ್ ದರ ಎಷ್ಟೋ ಸಲ ರೂಟ್ ಕೆನಾಲಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಅದನ್ನು ಮೊದಲ ದಿನವೇ ಹೇಳದೆ, ಕೊನೆಗೆ ಹೇಳುವುದು ನಮ್ಮ ಕಸುಬಿನವರ ಕೆಟ್ಟ ಅಭ್ಯಾಸ. ಒಟ್ಟು ಖರ್ಚು ಎಷ್ಟು ಅಂತ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿ.

ತಲಪಾಡಿ ದಾಟುವವಳು

ದುಡ್ಡು ಕಷ್ಟ ಇರುವವರು ಮಂಗಳೂರು, ದೇರಳಕಟ್ಟೆ ಕಡೆಯ ಡೆಂಟಲ್ ಕಾಲೇಜುಗಳನ್ನು ನೋಡಿ. ಕಲಿಯುವ ಡಾಕ್ಟರುಗಳು ಮಾಡುತ್ತಾರೆ, ಮೇಲಿನವರು ಹಂತ ಹಂತಕ್ಕೂ ಬಂದು ನೋಡುತ್ತಾರೆ. ದರ ಕಮ್ಮಿ, ಸಮಯ ಜಾಸ್ತಿ. ಕನ್ನಡ, ತುಳು ಎರಡೂ ನಡೆಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಬೇಕು ಅಷ್ಟೆ.

ನನ್ನ ಹಲ್ಲು ಕೈಕೊಟ್ಟದ್ದು 2020ರ ಮಾರ್ಚಿನಲ್ಲಿ. ಲಾಕ್‌ಡೌನ್, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದ್ದರು. ಡಯಾಲಿಸಿಸ್‌ಗೆ ಹೋಗುವವರಿಗೇ ದಾರಿ ಇರಲಿಲ್ಲ, ಹಲ್ಲಿಗೆ ಯಾರು ಬಿಡುತ್ತಾರೆ? ಇಲ್ಲಿನ ಕ್ಲಿನಿಕ್ಕುಗಳೂ ತುರ್ತು ಇದ್ದರೆ ಮಾತ್ರ ಅಂತ ಬಾಗಿಲು ಹಾಕಿದ್ದವು. ಆಗ ಗೊತ್ತಾಯ್ತು, ಹಲ್ಲುನೋವು ಅಂದರೆ ಬರೀ ಹಲ್ಲಿನದ್ದಲ್ಲ ಅಂತ. ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬರುತ್ತಿರಲಿಲ್ಲ. ಅಳು ಕೇಳಿದರೆ ತಲೆ ಸಿಡಿಯುತ್ತಿತ್ತು. ಮೆಡಿಕಲ್‌ನಿಂದ ಆಂಟಿಬಯೋಟಿಕ್ ತಂದುಕೊಟ್ಟರು. ನೋವು ಇದ್ದ ಹಾಗೇ ಇತ್ತು.

ಹಲ್ಲು ಡಾಕ್ಟ್ರಮ್ಮ

ಇದ್ದ ಹಾಗೇ ಇರುತ್ತದೆ. ನರ ಕೆರಳಿದ ನೋವಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಜ್ವರ ಬಂದರೆ, ಬಾವು ಮುಖಕ್ಕೆ ಹರಡಿದರೆ ಮಾತ್ರ ಅದರ ಸರದಿ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೇರಳದಲ್ಲಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ಹಿಡಿಯಲು 2024ರಲ್ಲಿ "ಆಪರೇಷನ್ ಅಮೃತ್" ಅಂತಲೂ ಶುರು ಮಾಡಿದರು. ಆದರೂ "ಹಲ್ಲಿಗೆ ಎರಡು ಕ್ಯಾಪ್ಸೂಲ್ ಕೊಡಿ" ಅನ್ನುವ ಮಾತು ಇನ್ನೂ ನಿಂತಿಲ್ಲ.

ಪೆರ್ಲದ ತೋಟದವ

ಡಾಕ್ಟ್ರೇ, ಹಾಗಾದರೆ ಕೀಳಿಸುವುದು ಯಾವಾಗ ಸರಿ? ಎಲ್ಲರಿಗೂ ರೂಟ್ ಕೆನಾಲ್ ಮಾಡಿ ಅಂದರೆ ನಾನಂತೂ ಒಪ್ಪುವುದಿಲ್ಲ. ನಮ್ಮ ಪಂಚಾಯತಿನಲ್ಲಿ ಬಡ ಹಿರಿಯರಿಗೆ ಸರ್ಕಾರವೇ ಪುಕ್ಕಟೆ ಹಲ್ಲು ಸೆಟ್ ಕೊಟ್ಟಿದೆ.

ಹಲ್ಲು ಡಾಕ್ಟ್ರಮ್ಮ

ಒಳ್ಳೆಯ ಪ್ರಶ್ನೆ. ಹಲ್ಲು ವಸಡಿನ ಕೆಳಗಿನವರೆಗೆ ಸೀಳಿದ್ದರೆ ಕೀಳಬೇಕು. ಎಲುಬು ಕರಗಿ ಹಲ್ಲು ಅಲ್ಲಾಡುತ್ತಿದ್ದರೆ ಕೀಳಬೇಕು. ಕ್ಯಾಪ್ ಹಿಡಿಯಲು ಹಲ್ಲೇ ಉಳಿದಿಲ್ಲ ಅಂದರೂ ಅಷ್ಟೆ. ಅಂಥ ಹಲ್ಲಿಗೆ ರೂಟ್ ಕೆನಾಲ್ ಮಾಡುವುದು ದುಡ್ಡು ದಂಡ.

ನೀವು ಹೇಳಿದ ಯೋಜನೆ "ಮಂದಹಾಸಂ". 60 ದಾಟಿದ ಬಡವರಿಗೆ ಪುಕ್ಕಟೆ ಸೆಟ್. ಒಳ್ಳೆಯ ಯೋಜನೆಯೇ, ನನ್ನ ಪೇಷಂಟುಗಳಿಗೂ ಸಿಕ್ಕಿದೆ. ಆದರೆ ನನಗೆ ಒಂದು ತಕರಾರು ಉಂಟು. ಹಲ್ಲೆಲ್ಲ ಹೋದ ಮೇಲೆ ಸೆಟ್ ಕೊಡಲು ಯೋಜನೆ ಇದೆ. ಹೋಗದ ಹಾಗೆ ನೋಡಿಕೊಳ್ಳಲು, ಒಂದು ಕ್ಯಾಪ್‌ಗೆ ದುಡ್ಡು ಸೇರಿಸಲು ಅಷ್ಟು ಗದ್ದಲದ ಯೋಜನೆ ಯಾವುದು? ಕೆಳಗಿನ ದವಡೆ ಹಲ್ಲು ಒಂದು ಹೋದರೆ ಪಕ್ಕದ್ದು ವಾಲುತ್ತದೆ, ಅದಕ್ಕೆ ಸರಿಯಾಗಿ ಮೇಲಿರುವ ಹಲ್ಲು ಇಳಿದು ಬರುತ್ತದೆ. ಖಾಲಿ ಜಾಗ ತುಂಬಿಸಲು ಬ್ರಿಡ್ಜ್ (ಎರಡೂ ಬದಿಯ ಹಲ್ಲಿನ ಆಧಾರದಲ್ಲಿ ನಿಲ್ಲಿಸುವ ಕಟ್ಟು ಹಲ್ಲು) ಅಂದರೆ ಎರಡು ಒಳ್ಳೆಯ ಹಲ್ಲು ಅರೆಯಬೇಕು.

ಮುಳ್ಳೇರಿಯದ ಸೊಸೆ

ಎಲ್ಲರಿಗೂ ಉಪಕಾರವಾಯ್ತು. ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಗಂಜಿಯ ಕಲ್ಲಿನ ವಿಷಯ ಕೇಳಿ ಸುಮ್ಮನಾದರು. ಅವರಿಗೆ ಸೆಟ್ ಹಲ್ಲು. ಅತ್ತೆ ಮಾಡಿಸುತ್ತೇನೆ ಅಂದಿದ್ದಾರೆ. ಡಾಕ್ಟ್ರೇ, ಶುಗರ್ ಇದ್ದವರಿಗೆ ಎಂತ ಜಾಗ್ರತೆ? ಮತ್ತೆ ಕ್ಯಾಪ್ ಯಾವುದು ಒಳ್ಳೆಯದು? ಅತ್ತೆಗೆ ಎಲೆಅಡಿಕೆ ಅಭ್ಯಾಸ ಬೇರೆ.

ಹಲ್ಲು ಡಾಕ್ಟ್ರಮ್ಮ

ಬೆಳಗಿನ ಹೊತ್ತಿಗೆ ಸಮಯ ತಗೊಳ್ಳಿ. ತಿಂಡಿ ತಿಂದು, ಮಾತ್ರೆ ಎಂದಿನ ಹಾಗೆ ನುಂಗಿ ಬರಲಿ. ಖಾಲಿ ಹೊಟ್ಟೆಯಲ್ಲಿ ಬಂದರೆ, ಆಮೇಲೆ ಬಾಯಿ ಮರಗಟ್ಟಿ ತಿನ್ನಲೂ ಆಗದೆ ಶುಗರ್ ಇಳಿಯಬಹುದು. ಇತ್ತೀಚಿನ ರಕ್ತಪರೀಕ್ಷೆ ಚೀಟಿ, ಬೇರೆ ಯಾವ ಮಾತ್ರೆ ಇದ್ದರೂ ಅದರ ಪಟ್ಟಿ ತನ್ನಿ. ಶುಗರ್ ಏರಿ ನಿಂತಿದ್ದರೆ ಬೇರಿನ ತುದಿ ಮಾಗುವುದು ನಿಧಾನ. ಹಾಗಂತ ಸೋಂಕು ಹಾಗೆಯೇ ಬಿಟ್ಟರೆ ಶುಗರ್ ಹತೋಟಿಯೇ ತಪ್ಪುತ್ತದೆ.

ಕ್ಯಾಪ್: ಹಿಂದಿನ ಹಲ್ಲಿಗೆ ಪೂರ್ತಿ ಲೋಹದ್ದು ಗಟ್ಟಿ, ಹಲ್ಲು ಅರೆಯುವುದೂ ಕಮ್ಮಿ, ಅಗ್ಗ. ಚಂದ ಇಲ್ಲ ಅಷ್ಟೆ. ಲೋಹದ ಮೇಲೆ ಸೆರಾಮಿಕ್ ಇದ್ದದ್ದು ಹಲ್ಲಿನ ಬಣ್ಣಕ್ಕೆ ಇರುತ್ತದೆ, ಆದರೆ ಅಡಿಕೆ ಕಚ್ಚುವವರಿಗೆ ಸೆರಾಮಿಕ್ ಚಕ್ಕೆ ಎದ್ದು ಬರಬಹುದು. ಜಿರ್ಕೋನಿಯಾ ಗಟ್ಟಿಯೂ ಹೌದು, ಬಣ್ಣವೂ ಹೊಂದುತ್ತದೆ, ದುಡ್ಡು ಜಾಸ್ತಿ. ಅತ್ತೆಗೆ ನಗುವಾಗ ಕಾಣದ ಹಲ್ಲು. ನಾನಾದರೆ ಲೋಹದ್ದೇ ಹೇಳುತ್ತಿದ್ದೆ.

ಬಾಯಾರಿನ ಅಣ್ಣನ ಚೀಟಿ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಕ್ಲಿನಿಕ್ಕಿಗೆ ಕನ್ನಡದಲ್ಲಿ ಒಂದು ಬರೆದೆ. ಬೇಕಾದವರು ಪ್ರಿಂಟ್ ತೆಗೆದು ನಿಮ್ಮ ಡಾಕ್ಟರಿಗೂ ಕೊಡಿ:

"ಮರಗಟ್ಟಿದ್ದು ಬಿಡುವವರೆಗೆ ಏನೂ ಅಗಿಯಬೇಡಿ, ಕೆನ್ನೆ ಕಚ್ಚಿಹೋಗುತ್ತದೆ. ಕೆಲವು ದಿನ ಕಚ್ಚುವಾಗ ನೋವು ಇರಬಹುದು. ಹೇಳಿದ ನೋವಿನ ಮಾತ್ರೆ ಮಾತ್ರ ತಗೊಳ್ಳಿ. ಕಚ್ಚುವಾಗ ಆ ಹಲ್ಲು ಎತ್ತರ ಅನ್ನಿಸಿದರೆ ಬನ್ನಿ, ಸ್ವಲ್ಪ ಅರೆದರೆ ಸರಿಯಾಗುತ್ತದೆ. ಬಾವು ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಕಾಯಬೇಡಿ. ಈಗ ಹಾಕಿದ್ದು ತಾತ್ಕಾಲಿಕ ಸಿಮೆಂಟು. ಅದು ಬಿದ್ದರೆ ಅದೇ ವಾರ ಬನ್ನಿ. ಕ್ಯಾಪ್ ಆಗುವವರೆಗೆ ಆ ಬದಿಯಲ್ಲಿ ಗಟ್ಟಿ ಏನೂ ಕಚ್ಚಬೇಡಿ. ನೋವು ಹೋಯಿತು ಅಂತ ಕ್ಯಾಪ್ ಬಿಡಬೇಡಿ. ಕ್ಯಾಪ್ ಹಾಕಿದ ಹಲ್ಲೂ ಬುಡದಲ್ಲಿ ಹುಳುಕಾಗುತ್ತದೆ, ನರ ಇಲ್ಲದ್ದರಿಂದ ನಿಮಗೆ ಗೊತ್ತಾಗುವುದಿಲ್ಲ. ಎರಡು ಹೊತ್ತು ಉಜ್ಜಿ, ವರ್ಷಕ್ಕೊಮ್ಮೆ ತೋರಿಸಿ."

ಪೆರ್ಲದ ತೋಟದವ

ಗಟ್ಟಿ ಏನೂ ಅಂದರೆ ಅಡಿಕೆಯೂ ಸೇರಿತಾ ಡಾಕ್ಟ್ರೇ?

ಹಲ್ಲು ಡಾಕ್ಟ್ರಮ್ಮ

ಸೇರಿತು ಅಣ್ಣ. ಅಡಿಕೆ ಕಚ್ಚಿ ಬಿರುಕು ಬಿಟ್ಟ ಹಲ್ಲುಗಳು ನಮ್ಮ ಕಡೆ ಬೇಕಾದಷ್ಟು. ಹಲ್ಲಿನ ಮಾತು ಬಿಟ್ಟರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾನ್ಸರಿನ ಫಾರ್ವರ್ಡ್ ಕಳಿಸುವುದಿದ್ದರೆ ಇದನ್ನು ಕಳಿಸಿ. ಅಡಿಕೆ ತೋಟ ಇರಲಿ, ಬೆಳೆ ಮಾರಿ. ಜಗಿಯುವುದು ಬೇಡ.

ಪೆರ್ಲದ ತೋಟದವ

ಇದು ನಮ್ಮ ಸೊಸೈಟಿ ಗ್ರೂಪಿಗೆ ಹಾಕಿದರೆ ನನ್ನನ್ನು ತೆಗೆದು ಹಾಕುತ್ತಾರೆ ಮಾರಾಯ್ರೆ. ಚೀಟಿ ಮಾತ್ರ ಹಾಕುತ್ತೇನೆ.